ಅಂಚಿನ ಗೆರೆಯಿಂದ: ಡಿಫೆನ್ಸ್ ಬಗ್ಗೆ ನೀವು ಕೇಳಿದ್ದು

ಕಳೆದ ಸಂಚಿಕೆಯಲ್ಲಿ ಅಮೆರಿಕನ್ ಫುಟ್‌ಬಾಲ್‌ನ ಕ್ವಾರ್ಟರ್‌ಬ್ಯಾಕ್ (ಬಾಲ್ ಎಸೆದು ಆಟ ನಡೆಸುವವನು) ಬಗ್ಗೆ ಬರೆದು, ಕೊನೆಗೆ ‘ಡಿಫೆನ್ಸ್, ಅಂದರೆ ಬಾಲ್ ಇರುವವರನ್ನು ತಡೆಯುವ ತಂಡದ ಬಗ್ಗೆ ಏನಾದರೂ ಇದ್ದರೆ ಕೇಳಿ’ ಎಂದು ಒಂದು ಸಾಲು ಸೇರಿಸಿದ್ದೆ. ಸುಮ್ನೆ ಬರೆದ ಸಾಲು. ಪ್ರಶ್ನೆಗಳು ರಾಶಿ ಬಿದ್ದಿವೆ. ಕೆಲವನ್ನು ಮಾತ್ರ ಆರಿಸಿದ್ದೇನೆ.

ಹೊಸ ಓದುಗರಿಗೆ ನನ್ನ ಪರಿಚಯ: ನಾನು ಕೋಚ್ ಅಲ್ಲ, ಆಟಗಾರನಂತೂ ಅಲ್ಲವೇ ಅಲ್ಲ. ಓಹಾಯೋದ ಒಂದು ಹೈಸ್ಕೂಲ್ ಮೈದಾನದಲ್ಲಿ ಒಂಬತ್ತು ವರ್ಷ ಶುಕ್ರವಾರ ರಾತ್ರಿ ಚೈನ್ ಹಿಡಿದವನು. ಹತ್ತು ಗಜ ಅಳೆಯುವ ಸರಪಳಿಯ ಎರಡು ತುದಿಗೆ ಎರಡು ಕೋಲು ಇರುತ್ತವಲ್ಲ, ಅದರಲ್ಲಿ ಒಂದು ನನ್ನದು. ಅಂಚಿನ ಗೆರೆಯ ಪಕ್ಕವೇ ನಿಲ್ಲುವ ಕೆಲಸ. ಆ ಕೋಲು ಹಿಡಿದವನು ಯಾವ ತಂಡಕ್ಕೂ ಚಪ್ಪಾಳೆ ತಟ್ಟುವಂತಿಲ್ಲ. ಕೂಗುವಂತಿಲ್ಲ ಅಂದಮೇಲೆ ನೋಡುವುದೊಂದೇ ಉಳಿಯುತ್ತದೆ. ನೋಡಿದೆ.

ಬಾಲ್ ಎಲ್ಲಿ ಎಂದು ಹುಡುಕುವುದರೊಳಗೆ ಎಲ್ಲ ಮುಗಿದು, ಒಬ್ಬರ ಮೇಲೊಬ್ಬರು ಬಿದ್ದಿರುತ್ತಾರೆ. ಎಲ್ಲಿಂದ ನೋಡಲು ಶುರು ಮಾಡಬೇಕು?
– ಷಿಕಾಗೋದಿಂದ ಒಬ್ಬ ವಿದ್ಯಾರ್ಥಿ

ಬಾಲ್ ಬಿಟ್ಟುಬಿಡಿ. ಬಾಲ್ ಏಳುವುದಕ್ಕೆ ಮುಂಚಿನ ಐದಾರು ಸೆಕೆಂಡು ನೋಡಿ. ಆಗ ಡಿಫೆನ್ಸ್‌ನ ಹನ್ನೊಂದು ಜನ ಮೂರು ಸಾಲಾಗಿ ಕಾಣುತ್ತಾರೆ.

ಮೊದಲ ಸಾಲು ಲೈನ್. ಭಾರೀ ಆಸಾಮಿಗಳು. ಸಾಮಾನ್ಯವಾಗಿ ಒಂದು ಕೈಯನ್ನಾದರೂ ನೆಲಕ್ಕೆ ಊರಿರುತ್ತಾರೆ. ನಡುವಿನವರು ಟ್ಯಾಕಲ್, ತುದಿಯವರು ಎಂಡ್. ಅವರ ಹಿಂದೆ ನಾಲ್ಕೈದು ಗಜ ಬಿಟ್ಟು, ಮೊಣಕಾಲು ಸ್ವಲ್ಪ ಬಗ್ಗಿಸಿ ನಿಂತವರು ಲೈನ್‌ಬ್ಯಾಕರ್‌ಗಳು. ಇನ್ನೂ ಹಿಂದೆ ಮತ್ತು ಎರಡು ಪಕ್ಕಗಳಲ್ಲಿ ಸೆಕೆಂಡರಿ. ಪಕ್ಕದಲ್ಲಿ, ಪಾಸ್ ಹಿಡಿಯುವ ರಿಸೀವರ್ ಎದುರು ನಿಂತವನು ಕಾರ್ನರ್‌ಬ್ಯಾಕ್. ನಡುವೆ ದೂರದಲ್ಲಿ ಕಾವಲಿಗೆ ನಿಂತವನು ಸೇಫ್ಟಿ.

ಒಂದು ಮಾತು ನೆನಪಿರಲಿ. ಆಫೆನ್ಸ್‌ಗೆ, ಅಂದರೆ ಬಾಲ್ ಇರುವ ತಂಡಕ್ಕೆ, ಕಟ್ಟುಪಾಡು ಜಾಸ್ತಿ. ಏಳು ಜನ ಬಾಲ್ ಇಟ್ಟ ಗೆರೆಯ ಮೇಲೆ ಇರಬೇಕು, ಸ್ನ್ಯಾಪ್‌ಗೆ (ಬಾಲ್ ಹಿಂದಕ್ಕೆ ಕೊಟ್ಟು ಆಟ ಶುರುವಾಗುವ ಗಳಿಗೆ) ಮುಂಚೆ ಹೆಚ್ಚುಕಡಿಮೆ ಎಲ್ಲರೂ ಅಲುಗಾಡದೆ ನಿಲ್ಲಬೇಕು. ಡಿಫೆನ್ಸ್‌ಗೆ ಅಂಥದ್ದೇನೂ ಇಲ್ಲ. ತಮ್ಮ ಕಡೆ ಇದ್ದರೆ ಸಾಕು, ಎಲ್ಲಿ ಬೇಕಾದರೂ ನಿಲ್ಲಬಹುದು, ಕೊನೇ ಗಳಿಗೆಯವರೆಗೂ ಓಡಾಡಬಹುದು. ಹಾಗಾಗಿ ನಾನು ಹೇಳಿದ ಮೂರು ಸಾಲು ಕಲಸಿಹೋದರೆ ಗಾಬರಿಯಾಗಬೇಡಿ. ಕಲಸುವುದೇ ಅವರ ಉದ್ದೇಶ.

ನನ್ನ ಮಗ ಈ ವರ್ಷ ಹೈಸ್ಕೂಲ್ ಟೀಮ್ ಸೇರಿದ. ಕೋಚ್ ಅವನನ್ನು ‘ವಿಲ್’ ಎಂದು ಕರೆಯುತ್ತಾರೆ. ಅವನ ಹೆಸರು ವಿಲ್ ಅಲ್ಲ. ಕೇಳಿದರೆ ‘ಅಮ್ಮಾ, ನಿಂಗೆ ಗೊತ್ತಾಗಲ್ಲ ಬಿಡು’ ಅನ್ನುತ್ತಾನೆ.
– ನ್ಯೂಜೆರ್ಸಿಯ ತಾಯಿಯೊಬ್ಬರು

ಗೊತ್ತಾಗುತ್ತದೆ ಬಿಡಿ ಅಮ್ಮಾ, ಇದು ಸುಲಭ. ಮೂವರು ಲೈನ್‌ಬ್ಯಾಕರ್‌ಗಳಿಗೆ ಮೂರು ಅಡ್ಡಹೆಸರು. ಎಂ ಅಕ್ಷರದ ಮೈಕ್ ಅಂದರೆ ಮಿಡಲ್. ಎಸ್ ಅಕ್ಷರದ ಸ್ಯಾಮ್ ಅಂದರೆ ಸ್ಟ್ರಾಂಗ್. ಡಬ್ಲ್ಯೂ ಅಕ್ಷರದ ವಿಲ್ ಅಂದರೆ ವೀಕ್. ಮೈದಾನದಲ್ಲಿ ಕೂಗಿ ಹೇಳಲು ಚಿಕ್ಕ ಹೆಸರು ಬೇಕು, ಅಷ್ಟೇ.

‘ವೀಕ್’ ಅಂದದ್ದಕ್ಕೆ ಬೇಜಾರು ಬೇಡ. ಎದುರಿನ ಟೈಟ್ ಎಂಡ್ (ಆಫೆನ್ಸ್ ಲೈನ್‌ನ ತುದಿಗೆ ಅಂಟಿ ನಿಲ್ಲುವವನು) ಯಾವ ಬದಿಗೆ ನಿಲ್ಲುತ್ತಾನೋ ಅದು ಸ್ಟ್ರಾಂಗ್ ಸೈಡ್. ಇನ್ನೊಂದು ಬದಿ ವೀಕ್. ಆ ಬದಿಯಲ್ಲಿ ತಳ್ಳಾಟ ಕಡಿಮೆ, ಬಯಲು ಜಾಸ್ತಿ. ಆದ್ದರಿಂದ ಅಲ್ಲಿಗೆ ವೇಗದ ಹುಡುಗನನ್ನೇ ಹಾಕುತ್ತಾರೆ. ಟ್ಯಾಂಪಾ ಬೇ ತಂಡದ ಡೆರಿಕ್ ಬ್ರೂಕ್ಸ್ ಆಡುತ್ತಿದ್ದದ್ದು ಇದೇ ಜಾಗದಲ್ಲಿ. 2002ರಲ್ಲಿ ವೃತ್ತಿಪರರ ಲೀಗ್ ಎನ್‌ಎಫ್‌ಎಲ್‌ನ ವರ್ಷದ ಡಿಫೆನ್ಸ್ ಆಟಗಾರ ಅವರೇ. ಊಟಕ್ಕೆ ಕೂತಾಗ ಮಗನ ಮುಂದೆ ಈ ಹೆಸರು ಬಿಡಿ. ಮುಖ ನೋಡಿ ಆಮೇಲೆ.

4-3 ಒಳ್ಳೆಯದೋ 3-4 ಒಳ್ಳೆಯದೋ? ನಮ್ಮ ಆಫೀಸಿನಲ್ಲಿ ಸೋಮವಾರ ಇದೇ ಜಗಳ.
– ಡಲ್ಲಾಸ್‌ನ ಓದುಗರು

ಡಲ್ಲಾಸ್‌ನಲ್ಲಿ ಕೂತು ಕೇಳುತ್ತಿದ್ದೀರಿ, 4-3 ಎಂದೇ ಹೇಳಬೇಕಾಗುತ್ತದೆ ಸ್ವಾಮಿ! ನಿಮ್ಮ ಕೌಬಾಯ್ಸ್‌ಗೆ 1960ರಿಂದ 1988ರವರೆಗೆ ಕೋಚ್ ಆಗಿದ್ದ ಟಾಮ್ ಲ್ಯಾಂಡ್ರಿ ಅದಕ್ಕೆ ಮುಂಚೆ, 1950ರ ದಶಕದಲ್ಲಿ, ನ್ಯೂಯಾರ್ಕ್ ಜಯಂಟ್ಸ್ ಡಿಫೆನ್ಸ್ ನೋಡಿಕೊಳ್ಳುತ್ತಿದ್ದರು. 4-3ಯನ್ನು ತಿದ್ದಿ ತೀಡಿದವರಲ್ಲಿ ಅವರು ಮುಖ್ಯರು.

ಸಂಖ್ಯೆ ಓದುವುದು ಹೀಗೆ: ಮೊದಲನೆಯದು ಲೈನ್‌ನಲ್ಲಿ ಎಷ್ಟು ಜನ, ಎರಡನೆಯದು ಲೈನ್‌ಬ್ಯಾಕರ್ ಎಷ್ಟು. ಎರಡೂ ಸೇರಿ ಏಳು. ಉಳಿದ ನಾಲ್ವರು ಸೆಕೆಂಡರಿ.

ಅದಕ್ಕೂ ಮುಂಚೆ ಮೊದಲ ಸಾಲಿನಲ್ಲಿ ಐದು ಜನ ಇರುತ್ತಿದ್ದರು. ಬಾಲ್ ಹಿಂದಕ್ಕೆ ಕೊಡುವ ಸೆಂಟರ್‌ನ ಮೂಗಿನ ಎದುರಿಗೇ ಒಬ್ಬ ‘ಮಿಡಲ್ ಗಾರ್ಡ್’ ಕೂರುತ್ತಿದ್ದ. ಷಿಕಾಗೋ ಬೇರ್ಸ್‌ನ ಬಿಲ್ ಜಾರ್ಜ್ ಬಗ್ಗೆ ಒಂದು ಕಥೆ ಹೇಳುತ್ತಾರೆ. 1954ರಲ್ಲಿ ಫಿಲಡೆಲ್ಫಿಯಾ ಜೊತೆ ಆಟ. ಪ್ರತಿ ಸಲವೂ ಇವನು ಸೆಂಟರ್‌ಗೆ ಗುದ್ದುತ್ತಾನೆ, ಬಾಲ್ ಇವನ ತಲೆ ಮೇಲಿಂದ ಹಾರಿ ಹಿಂದಿನ ಬಯಲಿಗೆ ಹೋಗುತ್ತದೆ. ಗುದ್ದುವುದನ್ನು ಬಿಟ್ಟು ಹಿಂದೆ ಸರಿದು ನಿಂತ. ಮುಂದಿನ ಪಾಸ್ ನೇರ ಹೊಟ್ಟೆಗೇ ಬಡಿಯಿತಂತೆ. ಅದರ ಮುಂದಿನದನ್ನು ಹಿಡಿದೇಬಿಟ್ಟ. ಹಾಗೆ ಹಿಂದೆ ಸರಿದ ಮನುಷ್ಯನೇ ಇವತ್ತಿನ ಮೈಕ್. ಲ್ಯಾಂಡ್ರಿ 1956ರಲ್ಲಿ ಸ್ಯಾಮ್ ಹಫ್ ಎಂಬ ಹೊಸ ಹುಡುಗನನ್ನು ಆ ಜಾಗಕ್ಕೆ ನಿಲ್ಲಿಸಿದರು. ಆ ವರ್ಷ ಚಾಂಪಿಯನ್ ಆದದ್ದು ಜಯಂಟ್ಸ್.

ಇನ್ನು 3-4. ಕಾಲೇಜು ಆಟದಲ್ಲಿ ಹಳೆಯದು. ಒಕ್ಲಹೋಮಾದಿಂದ ಬಂದ ಕೋಚ್ ಚಕ್ ಫೇರ್‌ಬ್ಯಾಂಕ್ಸ್ 1974ರಲ್ಲಿ ಅದನ್ನು ನ್ಯೂ ಇಂಗ್ಲೆಂಡ್ ತಂಡದಲ್ಲಿ ಊರಿದರು. ಇದರಲ್ಲಿ ನಡುವೆ ಕೂರುವ ನೋಸ್ ಟ್ಯಾಕಲ್‌ನದ್ದು ಕೃತಜ್ಞತೆಯೇ ಇಲ್ಲದ ಕೆಲಸ. ಆಫೆನ್ಸ್ ಲೈನ್‌ನ ನಡುವೆ ಸೆಂಟರ್, ಅವನ ಎರಡು ಪಕ್ಕ ಗಾರ್ಡ್, ಅವರಾಚೆ ಟ್ಯಾಕಲ್ (ಹೆಸರು ಒಂದೇ, ಡಿಫೆನ್ಸ್‌ನವನಲ್ಲ). ಇವರಲ್ಲಿ ಇಬ್ಬರ ನಡುವಿನ ಸಂದಿಗೆ ಗ್ಯಾಪ್ ಅನ್ನುತ್ತಾರೆ. ಸೆಂಟರ್ ಮತ್ತು ಗಾರ್ಡ್ ನಡುವಿನದು ಎ ಗ್ಯಾಪ್, ಗಾರ್ಡ್ ಮತ್ತು ಟ್ಯಾಕಲ್ ನಡುವಿನದು ಬಿ ಗ್ಯಾಪ್, ಹೀಗೆ ಹೊರಗೆ ಹೋಗುತ್ತದೆ. ಹಳೇ ಪದ್ಧತಿಯ 3-4ರಲ್ಲಿ ಈ ಪುಣ್ಯಾತ್ಮ ಎಡ ಬಲ ಎರಡೂ ಎ ಗ್ಯಾಪ್ ಕಾಯಬೇಕು. ಇಬ್ಬರು ಬಂದು ಅವನ ಮೇಲೆ ಬೀಳುತ್ತಾರೆ. ಅವನು ಬಿದ್ದಲ್ಲೇ ಬಿದ್ದಿದ್ದರೂ ಕೆಲಸ ಆಯಿತು ಅಂತಲೇ ಲೆಕ್ಕ, ಏಕೆಂದರೆ ಹಿಂದಿನ ಲೈನ್‌ಬ್ಯಾಕರ್ ಬಿಡುವಾದ. ಟೀವಿಯಲ್ಲಿ ಹೆಸರು ಬರುವುದು ಲೈನ್‌ಬ್ಯಾಕರ್‌ದು.

ಹಾಗಾದರೆ ಲಾಭ ಏನು? ಎದುರಿನವರಲ್ಲಿ ಹುಟ್ಟುವ ಅನುಮಾನ. 4-3ರಲ್ಲಿ ಕ್ವಾರ್ಟರ್‌ಬ್ಯಾಕ್ ಮೇಲೆ ಯಾರು ನುಗ್ಗುತ್ತಾರೆ ಎಂದು ಬಹುಮಟ್ಟಿಗೆ ಗೊತ್ತು, ಆ ನಾಲ್ವರೇ. 3-4ರಲ್ಲಿ ಮೂವರು ಗೊತ್ತು, ನಾಲ್ಕನೆಯವನು ಎಡದಿಂದ ಬರುತ್ತಾನೋ ಬಲದಿಂದಲೋ ತಿಳಿಯದು. 1981ರಲ್ಲಿ ಜಯಂಟ್ಸ್ ಸೇರಿದ ಲಾರೆನ್ಸ್ ಟೇಲರ್ ಹೊರಗಿನ ಲೈನ್‌ಬ್ಯಾಕರ್ ಆಗಿ ಬರುತ್ತಿದ್ದ ರೀತಿಗೆ ಎದುರು ತಂಡಗಳು ತಮ್ಮ ಲೈನನ್ನೇ ಬದಲಿಸಿಕೊಳ್ಳಬೇಕಾಯಿತು. 1986ರಲ್ಲಿ ಇಡೀ ಲೀಗ್‌ನ ಎಂವಿಪಿ (ಅತ್ಯಮೂಲ್ಯ ಆಟಗಾರ) ಅವರೇ. ಡಿಫೆನ್ಸ್ ಆಟಗಾರನಿಗೆ ಅದು ಸಿಗುವುದು ಅಪರೂಪ.

ನನ್ನ ತೀರ್ಪು ಕೇಳಿದರೆ, ಯಾವ ಥರದ ಹುಡುಗರು ಕೈಯಲ್ಲಿ ಇದ್ದಾರೆ ಎನ್ನುವುದರ ಮೇಲೆ. ಒಳ್ಳೇ ನೋಸ್ ಟ್ಯಾಕಲ್ ಇಲ್ಲದೆ ಹಳೇ ಥರದ 3-4 ಆಡಿ ಪೆಟ್ಟು ತಿಂದ ಒಂದು ಸೀಸನ್ ಅನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಸರಪಳಿ ಎತ್ತಿಕೊಂಡು ಮುಂದೆ ಮುಂದೆ ಓಡಿಯೇ ನನಗೆ ಸುಸ್ತಾಯಿತು. ಎದುರಿನವರಿಗೆ ಅಷ್ಟೊಂದು ಫಸ್ಟ್ ಡೌನ್, ಅಂದರೆ ಹತ್ತು ಗಜ ದಾಟಿದ್ದಕ್ಕೆ ಸಿಗುವ ಹೊಸ ಅವಕಾಶ.

4-3 ಏಳು, 3-4 ಏಳು. ಹಾಗಾದರೆ ‘46 ಡಿಫೆನ್ಸ್’ ಅಂದರೆ ಹತ್ತು ಜನ ಮುಂದೆಯಾ?
– ಅಟ್ಲಾಂಟಾದ ಓದುಗರು

ಒಳ್ಳೆಯ ಪ್ರಶ್ನೆ. ಅದು ನಾಲ್ಕು-ಆರು ಅಲ್ಲ, ನಲವತ್ತಾರು. ಬೇರ್ಸ್ ತಂಡದಲ್ಲಿ ಡಗ್ ಪ್ಲ್ಯಾಂಕ್ ಎಂಬ ಸೇಫ್ಟಿ ಇದ್ದರು. ಅವರ ಜೆರ್ಸಿ ನಂಬರ್ 46. ಡಿಫೆನ್ಸ್ ಕೋಚ್ ಬಡ್ಡಿ ರಯನ್ ಪ್ಲ್ಯಾಂಕ್‌ರನ್ನು ಮುಂದಕ್ಕೆ ತಂದು, ಲೈನ್‌ಬ್ಯಾಕರ್ ಥರ ನಿಲ್ಲಿಸಿ, ಒಟ್ಟು ಎಂಟು ಜನರನ್ನು ಮುಂದೆ ಒತ್ತಿಟ್ಟರು. ಹೆಸರು ಅದರಿಂದ ಬಂತು. ತಮಾಷೆ ಏನೆಂದರೆ, 1985ರ ಸೀಸನ್ ಹೊತ್ತಿಗೆ ಪ್ಲ್ಯಾಂಕ್ ತಂಡದಲ್ಲೇ ಇರಲಿಲ್ಲ. ಆ ಸೀಸನ್ನಿನ ಸೂಪರ್ ಬೌಲ್ (ಲೀಗ್‌ನ ಫೈನಲ್) ಬೇರ್ಸ್ ಗೆದ್ದದ್ದು 46–10ರಿಂದ. ಅದು ಕಾಕತಾಳೀಯ.

ಆ ವರ್ಷ ಅವರು ಸೋತದ್ದು ಒಂದೇ ಆಟ, ಮಯಾಮಿ ವಿರುದ್ಧ, 38–24. ಮಯಾಮಿಯವರು ಹೆಚ್ಚು ರಿಸೀವರ್‌ಗಳನ್ನು ಇಳಿಸಿದರು. ಅವರ ಕ್ವಾರ್ಟರ್‌ಬ್ಯಾಕ್ ಡ್ಯಾನ್ ಮರೀನೋ ಬಾಲ್ ಬಿಡುವ ವೇಗ ನಿಮಗೆ ಗೊತ್ತೇ ಇದೆ. ಎಂಟು ಜನ ಮುಂದೆ ಇದ್ದರೆ ಹಿಂದೆ ಉಳಿಯುವವರು ಮೂವರೇ ಅಲ್ವಾ? ಲೈನ್‌ಬ್ಯಾಕರ್‌ಗಳು ರಿಸೀವರ್ ಹಿಂದೆ ಓಡಬೇಕಾಯಿತು.

ನಿಕಲ್, ಡೈಮ್ ಅಂತ ಕಾಮೆಂಟರಿಯಲ್ಲಿ ಹೇಳುತ್ತಾರೆ. ಚಿಲ್ಲರೆ ಕಾಸಿಗೂ ಫುಟ್‌ಬಾಲ್‌ಗೂ ಏನು ಸಂಬಂಧ?
– ಫ್ರೀಮಾಂಟ್‌ನ ದಂಪತಿ

ಮೇಲಿನ ಉತ್ತರದ ಬಾಲವೇ ಇದು. ಎದುರಿನವರು ಮೂರನೇ ರಿಸೀವರ್ ಇಳಿಸಿದಾಗ ಒಬ್ಬ ಲೈನ್‌ಬ್ಯಾಕರ್ ಹೊರಗೆ ಹೋಗಿ ಐದನೇ ಡಿಫೆನ್ಸಿವ್ ಬ್ಯಾಕ್ ಒಳಗೆ ಬರುತ್ತಾನೆ. ಐದು ಅಂದರೆ ಐದು ಸೆಂಟ್, ನಿಕಲ್. ಆರನೆಯವನೂ ಬಂದರೆ? ಆರು ಸೆಂಟ್‌ನ ನಾಣ್ಯ ಇಲ್ಲ. ಮುಂದಿನ ನಾಣ್ಯ ಹತ್ತರದ್ದು, ಆದ್ದರಿಂದ ಡೈಮ್. ಏಳು ಜನ ಬಂದರೆ ಕ್ವಾರ್ಟರ್. ಲೆಕ್ಕ ಸರಿಯಿಲ್ಲ, ಆದರೆ ನಾಣ್ಯಗಳ ಸಾಲು ಸರಿಯಿದೆ.

ಡಲ್ಲಾಸ್‌ನ ಓದುಗರು ಇದನ್ನೂ ಓದಲಿ. ಈಗಿನ ಎನ್‌ಎಫ್‌ಎಲ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಸಲ ಮೈದಾನದಲ್ಲಿ ಇರುವುದು ಐದು ಅಥವಾ ಹೆಚ್ಚು ಬ್ಯಾಕ್‌ಗಳು. 4-3, 3-4 ಅನ್ನುವುದು ಈಗ ಮನೆತನದ ಹೆಸರು ಇದ್ದ ಹಾಗೆ. ಅದರಿಂದ ಅವರು ಇವತ್ತು ಏನು ಕೆಲಸ ಮಾಡುತ್ತಾರೆ ಎಂದು ಗೊತ್ತಾಗುವುದಿಲ್ಲ.

ಕಬಡ್ಡಿಯಲ್ಲೂ ಕಾರ್ನರ್, ಕವರ್ ಇದೆ. ಎರಡೂ ಒಂದೇ ಥರವೇ? ಇಲ್ಲಿ ಕವರ್ 2, ಕವರ್ 3 ಅಂದರೆ ಏನು?
– ಸಿಯಾಟಲ್‌ನಿಂದ ಹಳೇ ಕಬಡ್ಡಿ ಆಟಗಾರರು

ಹೆಸರು ಮಾತ್ರ ಒಂದೇ. ಅಲ್ಲಿ ಬರುವವನು ಒಬ್ಬನೇ, ಎಲ್ಲರ ಕಣ್ಣೂ ಅವನ ಮೇಲೆ. ಇಲ್ಲಿ ಐದು ಜನ ಐದು ದಿಕ್ಕಿಗೆ ಓಡುತ್ತಾರೆ, ಬಾಲ್ ಯಾರಿಗೆ ಹೋಗುತ್ತದೆ ಎಂದು ಗೊತ್ತಿಲ್ಲ.

ಕವರ್ ಮುಂದಿನ ಅಂಕಿ, ಹಿಂದೆ ಆಳದಲ್ಲಿ ಎಷ್ಟು ಜನ ಕಾವಲು ಎನ್ನುವುದು. ಕವರ್ 2ರಲ್ಲಿ ಇಬ್ಬರು ಸೇಫ್ಟಿಗಳು ಮೈದಾನವನ್ನು ಅರ್ಧರ್ಧ ಹಂಚಿಕೊಳ್ಳುತ್ತಾರೆ. ಕವರ್ 3ರಲ್ಲಿ ಮೂವರು. ನಿಮ್ಮ ಸೀಹಾಕ್ಸ್‌ನಲ್ಲಿ ಅರ್ಲ್ ಥಾಮಸ್ ನಡುವಿನ ಭಾಗವನ್ನು ಒಬ್ಬರೇ ಕಾದದ್ದು ನೀವೇ ನೋಡಿರುತ್ತೀರಿ. ಕವರ್ 0 ಅಂದರೆ ಹಿಂದೆ ಯಾರೂ ಇಲ್ಲ, ಜೂಜು.

ಮ್ಯಾನ್ (ಒಬ್ಬೊಬ್ಬ ರಿಸೀವರ್‌ಗೆ ಒಬ್ಬೊಬ್ಬ ಕಾವಲು) ಆಡುತ್ತಿದ್ದಾರೋ ಝೋನ್ (ಒಬ್ಬೊಬ್ಬನಿಗೆ ಒಂದೊಂದು ಜಾಗ) ಆಡುತ್ತಿದ್ದಾರೋ ತಿಳಿಯಲು ಒಂದು ಸುಲಭ ಗುರುತು. ಸ್ನ್ಯಾಪ್‌ಗೆ ಮುಂಚೆ ರಿಸೀವರ್ ಒಬ್ಬ ಈ ಬದಿಯಿಂದ ಆ ಬದಿಗೆ ಓಡಿದಾಗ ಅವನ ಹಿಂದೆಯೇ ಒಬ್ಬ ಓಡಿದರೆ ಬಹುಶಃ ಮ್ಯಾನ್. ಯಾರೂ ಓಡದೆ ಎಲ್ಲರೂ ಒಂದೊಂದು ಹೆಜ್ಜೆ ಸರಿದರೆ ಝೋನ್. ‘ಬಹುಶಃ’ ಎಂದು ಬೇಕೆಂದೇ ಬರೆದೆ. ಅದನ್ನೂ ನಟಿಸುವವರು ಇದ್ದಾರೆ.

ಸೇಫ್ಟಿ ಅಂದರೆ ಆಟಗಾರನೋ, ಎರಡು ಪಾಯಿಂಟೋ?
– ಹೆಸರು ಬೇಡ ಎಂದವರು

ಎರಡೂ. ಒಂದಕ್ಕೊಂದು ನಂಟಿಲ್ಲ. ಬಾಲ್ ಇರುವ ತಂಡವನ್ನು ಅದರದೇ ಎಂಡ್ ಝೋನ್‌ನಲ್ಲಿ (ಗೋಲ್ ಗೆರೆಯಾಚೆಯ ಜಾಗ) ಕೆಡವಿದರೆ ಎರಡು ಪಾಯಿಂಟ್. ಹೆಸರು ಬೇಡ ಅಂದಿದ್ದೇಕೆ? ನಾನೂ ಎರಡು ವರ್ಷ ಗೊಂದಲದಲ್ಲೇ ಇದ್ದೆ.

ಮೈಕ್ ಕೈ ತೋರಿಸಿ ಕೂಗುತ್ತಲೇ ಇರುತ್ತಾನೆ. ಏನು ಹೇಳುತ್ತಾನೆ?
– ಕೊಲಂಬಸ್‌ನ ಓದುಗರು

ನಾನು ಕೇಳಿಸಿಕೊಂಡದ್ದೆಲ್ಲ ಬರೆದರೆ ಸಂಪಾದಕರು ಹಾಕುವುದಿಲ್ಲ. ಉಳಿದದ್ದು ಇದು: ಸ್ಟ್ರಾಂಗ್ ಸೈಡ್ ಯಾವುದು, ಯಾರು ಯಾವ ಗ್ಯಾಪ್, ಆಟ ಬದಲಾಗಿದೆಯೇ. ಎನ್‌ಎಫ್‌ಎಲ್‌ನಲ್ಲಿ 2008ರಿಂದ ಡಿಫೆನ್ಸ್‌ನ ಒಬ್ಬನ ಹೆಲ್ಮೆಟ್ಟಿನಲ್ಲಿ ರೇಡಿಯೋ ಇದೆ. ಹೆಲ್ಮೆಟ್ ಹಿಂಭಾಗದಲ್ಲಿ ಹಸಿರು ಚುಕ್ಕಿ ಇರುವವನೇ ಅವನು. ಸ್ನ್ಯಾಪ್‌ಗೆ ಉಳಿದ ಸಮಯ ಎಣಿಸುವ ಪ್ಲೇ ಕ್ಲಾಕ್ 15 ಸೆಕೆಂಡಿಗೆ ಇಳಿದಾಗ ಕೋಚ್ ದನಿ ಕಟ್ ಆಗುತ್ತದೆ. ಆಮೇಲೆ ಅವನೇ ಯಜಮಾನ. ನಮ್ಮ ಹೈಸ್ಕೂಲ್ ಹುಡುಗರಿಗೆ ರೇಡಿಯೋ ಇರಲಿಲ್ಲ, ಕೋಚ್‌ನ ಕೈಸನ್ನೆಯೇ ಗತಿ.

ಒಮ್ಮೆ ಇಂಥ ಒಬ್ಬ ಮೈಕ್ ಕೂಗುವುದನ್ನು ಬಾಯಿ ಬಿಟ್ಟು ನೋಡುತ್ತಾ ನಿಂತಿದ್ದೆ. ಆಟ ನನ್ನ ಕಡೆಗೇ ಬಂತು. ಕೋಲು ಬಿಸಾಡಿ ಹಿಂದೆ ಸರಿಯಬೇಕೆಂಬುದು ಚೈನ್ ಹಿಡಿಯುವವರ ಮೊದಲ ಪಾಠ. ನಾನು ಸರಿಯಲಿಲ್ಲ. ಆರು ವಾರ ಕಾಲಿಗೆ ಪಟ್ಟಿ. ತಪ್ಪು ನನ್ನದೇ. ಆ ಹುಡುಗ ಪಾಪ ಎಬ್ಬಿಸಿ ‘ಸಾರಿ ಸರ್’ ಅಂದ.

ಡಿಫೆನ್ಸ್ ಅರ್ಥ ಮಾಡಿಕೊಳ್ಳಲು ಒಂದೇ ಒಂದು ಆಟದ ತುಣುಕು ನೋಡಬೇಕೆಂದರೆ ಯಾವುದು?
– ಬಾಸ್ಟನ್‌ನ ಓದುಗರು

ನ್ಯೂ ಇಂಗ್ಲೆಂಡ್ ನಿಮ್ಮದೇ ತಂಡ, ಬಾಸ್ಟನ್‌ನವರು ಉತ್ತರ ಗೊತ್ತಿದ್ದೇ ಕೇಳುತ್ತಿದ್ದೀರಿ. ಮೇಲಿನ ಸಿಯಾಟಲ್ ಓದುಗರು ಕ್ಷಮಿಸಬೇಕು.

2015ರ ಫೆಬ್ರುವರಿ 1, ಅರಿಝೋನಾ, ಸೂಪರ್ ಬೌಲ್. ನ್ಯೂ ಇಂಗ್ಲೆಂಡ್ 28, ಸಿಯಾಟಲ್ 24. ಸಿಯಾಟಲ್ ಕೈಯಲ್ಲಿ ಬಾಲ್, ಗೋಲ್ ಗೆರೆಯಿಂದ ಒಂದು ಗಜ ದೂರ, ಉಳಿದದ್ದು ಅರ್ಧ ನಿಮಿಷಕ್ಕೂ ಕಡಿಮೆ. ಇಂಥ ಜಾಗದಲ್ಲಿ ದಪ್ಪ ಜನರನ್ನೇ ತುಂಬುವುದು ವಾಡಿಕೆ. ಸಿಯಾಟಲ್ ಮೂವರು ರಿಸೀವರ್‌ಗಳನ್ನು ಇಳಿಸಿತು. ನ್ಯೂ ಇಂಗ್ಲೆಂಡ್ ಮುಂದೆ ದಪ್ಪ ಜನರನ್ನು ಇಟ್ಟುಕೊಂಡೇ ಮೂರನೇ ಕಾರ್ನರ್‌ಬ್ಯಾಕ್ ಅನ್ನು ಕಳಿಸಿತು. ಅವನೇ ಮಾಲ್ಕಮ್ ಬಟ್ಲರ್. ತಂಡಗಳು ಹೊಸಬರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಯಾರೂ ಆರಿಸದ, ಮೊದಲ ವರ್ಷದ ಹುಡುಗ. ಅಭ್ಯಾಸದಲ್ಲಿ ಇದೇ ಆಟಕ್ಕೆ ಅವನು ಏಮಾರಿದ್ದ.

ಸಿಯಾಟಲ್‌ನ ಲೆಕ್ಕ ಸರಳ: ಮುಂದೆ ನಿಂತ ರಿಸೀವರ್ ಕರ್ಸ್ ಬಂದು ಬಟ್ಲರ್‌ಗೆ ಅಡ್ಡ ಆಗಬೇಕು, ಹಿಂದಿನ ಲೊಕೆಟ್ ಒಳಗೆ ತಿರುಗಿ ಬಾಲ್ ಹಿಡಿಯಬೇಕು. ಆದರೆ ಬ್ರ್ಯಾಂಡನ್ ಬ್ರೌನರ್ ಕರ್ಸ್‌ನನ್ನು ಗೆರೆಯಲ್ಲೇ ಹಿಡಿದು ನಿಲ್ಲಿಸಿದ. ಬ್ರೌನರ್ ಅದಕ್ಕೆ ಮುಂಚೆ ಸಿಯಾಟಲ್‌ನಲ್ಲೇ ಆಡಿದವನು. ಅಡ್ಡ ಬರುವವನು ಬರಲಿಲ್ಲ. ಬಟ್ಲರ್ ಎದುರು ದಾರಿ ಖಾಲಿ. ಸಿಯಾಟಲ್ ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್ ಬಿಟ್ಟ ಬಾಲ್ ಅವನ ಕೈಯಲ್ಲಿತ್ತು.

ಆ ತುಣುಕನ್ನು ಎರಡು ಸಲ ನೋಡಿ. ಮೊದಲ ಸಲ ಬಟ್ಲರ್‌ನನ್ನು. ಎರಡನೇ ಸಲ ಬಾಲ್ ಕಡೆ ತಿರುಗಲೇಬೇಡಿ, ಬ್ರೌನರ್‌ನ ಎರಡು ಕೈ ಮಾತ್ರ ನೋಡಿ.