ಸಂಶೋಧನೆಯಲ್ಲಿ ಭಾಗವಹಿಸುವವರ ಒಪ್ಪಿಗೆಯನ್ನು ಫೋನಿನಲ್ಲಿ ತಗೊಂಡು ಕಾಲ್ ರೆಕಾರ್ಡ್ ಇಟ್ಟುಕೊಂಡರೆ ಸಾಕಾ?

ಸಾಕಾಗುವುದಿಲ್ಲ. ನನ್ನ ಹತ್ತಿರವೂ ರೆಕಾರ್ಡಿಂಗ್ ಇತ್ತು. ನಾನು ಸಿಕ್ಕಿಬಿದ್ದಿದ್ದೇ ಅದರಿಂದ.

ಪಿಎಚ್‌ಡಿಯ ಎರಡನೇ ವರ್ಷ. ಶುಗರ್ ಇರುವವರು ಮಾತ್ರೆಯನ್ನು ಯಾಕೆ ಅರ್ಧಕ್ಕೇ ಬಿಡುತ್ತಾರೆ ಅನ್ನುವುದು ನನ್ನ ವಿಷಯ. ಸಹಿ ಬೇಡ, ಫೋನಿನಲ್ಲಿ ಬಾಯಿಮಾತಿನ ಒಪ್ಪಿಗೆ ಸಾಕು ಎಂದು ಎಥಿಕ್ಸ್ ಕಮಿಟಿ (ಸಂಶೋಧನೆಯಿಂದ ಜನರಿಗೆ ಅನ್ಯಾಯವಾಗದಂತೆ ನೋಡಿಕೊಳ್ಳುವ ಸಮಿತಿ) ಹೇಳಿತ್ತು. ಓದಬೇಕಾದ ಸ್ಕ್ರಿಪ್ಟನ್ನೂ ಅವರೇ ಒಪ್ಪಿದ್ದರು. ನಾನು ಒಂದಕ್ಷರ ಬಿಡದೆ ಓದುತ್ತಿದ್ದೆ. ಆ ಕಡೆಯಿಂದ 'ಹೂಂ', 'ಹೂಂ'. ಕೊನೆಗೆ "ಒಪ್ಪಿಗೆ ಇದೆಯಾ?" ಅಂದರೆ ಇನ್ನೊಂದು 'ಹೂಂ'. ಟಿಕ್ ಹಾಕಿ ಮುಂದಿನ ನಂಬರ್.

ಆ ಹೂಂ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಬೇಜಾರಾಗಬೇಡಿ. ಕಥೆ ಕೇಳುವಾಗಲೂ ಹೂಂ ಅನ್ನುತ್ತೇವೆ. ಲೈನಿನಲ್ಲಿದ್ದೇನೆ ಅನ್ನುವುದಕ್ಕೂ ಹೂಂ. ಏನೂ ಅರ್ಥವಾಗಲಿಲ್ಲ, ಬೇಗ ಮುಗಿಸಿ ಅನ್ನುವುದಕ್ಕೂ ಹೂಂ. ಎದುರಿಗೆ ಕೂತಿದ್ದರೆ ಮುಖ ನೋಡಿದರೇ ತಿಳಿಯುತ್ತಿತ್ತು. ಫೋನಿನಲ್ಲಿ ಎಲ್ಲವೂ ಒಂದೇ ಥರ ಕೇಳಿಸುತ್ತದೆ, ಅಲ್ವಾ? ನಾನು ಅದನ್ನು ಸಹಿ ಅಂದುಕೊಂಡೆ. ಮಧ್ಯೆ ಒಂದೇ ಒಂದು ಸಲ ನಿಲ್ಲಿಸಿ "ಏನು ಅರ್ಥವಾಯಿತು?" ಅಂತ ಕೇಳಲಿಲ್ಲ.

ಮೂರು ತಿಂಗಳ ನಂತರ ಎರಡನೇ ಸುತ್ತಿನ ಕಾಲ್. ಒಬ್ಬ ಅಜ್ಜಿ, "ಆ ಹೊಸ ಮಾತ್ರೆ ಯಾವಾಗ ಬರುತ್ತಪ್ಪಾ? ಹಳೇದು ನಿಲ್ಲಿಸಿ ಕೂತಿದ್ದೀನಿ" ಅಂದರು. ಎದೆ ಧಸಕ್ಕೆಂದಿತು. ನಮ್ಮ ಅಧ್ಯಯನದಲ್ಲಿ ಇದ್ದದ್ದು ಬರೀ ಪ್ರಶ್ನೆಗಳು. ಸ್ಕ್ರಿಪ್ಟಿನಲ್ಲಿ ಹತ್ತಾರು ಸಲ ಬರುವ 'ಮಾತ್ರೆ' ಮಾತ್ರ ಅವರ ಕಿವಿಗೆ ಬಿದ್ದಿತ್ತು. ಮೊದಲು ಅವರನ್ನು ಅವರ ಡಾಕ್ಟರ ಹತ್ತಿರ ಕಳಿಸಿದೆ, ಆಮೇಲೆ ಕಮಿಟಿಗೆ ಬರೆದೆ. ಕಮಿಟಿಯವರು ರೆಕಾರ್ಡಿಂಗ್ ಹಾಕಿ ಕೇಳಿಸಿಕೊಂಡರು. ಆರು ನಿಮಿಷ ನಾನೇ ಮಾತಾಡಿದ್ದೆ. ಅಜ್ಜಿಯದು ಒಂಬತ್ತು ಹೂಂ. ಎಲ್ಲರಿಂದಲೂ ಹೊಸದಾಗಿ ಒಪ್ಪಿಗೆ ತರಬೇಕಾಯಿತು. ಬೇಡ ಅಂದವರ ಉತ್ತರಗಳನ್ನೆಲ್ಲ ಅಳಿಸಿದೆ. ಒಂದು ವರ್ಷ ಹೋಯಿತು.

ಅದಕ್ಕೇ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅನ್ನುತ್ತೇನೆ. ರೆಕಾರ್ಡ್ ಇರುವುದು ನಮ್ಮ ರಕ್ಷಣೆಗೆ, ಅವರ ರಕ್ಷಣೆಗಲ್ಲ. (ರೆಕಾರ್ಡ್ ಮಾಡುವುದಕ್ಕೂ ಮೊದಲೇ ಅವರನ್ನು ಕೇಳಬೇಕು, ಅದು ಬೇರೆ ಮಾತು.) ಜನರ ಮೇಲಿನ ಸಂಶೋಧನೆ ಹೇಗಿರಬೇಕು ಅನ್ನುವ ಬಗ್ಗೆ ಅಮೆರಿಕದಲ್ಲಿ ಬಂದ 1979ರ ಬೆಲ್ಮಾಂಟ್ ವರದಿ ಒಪ್ಪಿಗೆಗೆ ಮೂರು ಅಂಶ ಹೇಳುತ್ತದೆ: ಮಾಹಿತಿ, ಅರ್ಥವಾಗುವುದು, ಸ್ವಂತ ಇಚ್ಛೆ. ನಾನು ಮೊದಲನೆಯದನ್ನು ಸುರಿದು ಎದ್ದು ಬಂದಿದ್ದೆ. ಬರಹದಲ್ಲಿ ಒಪ್ಪಿಗೆ ಸಿಗದಿದ್ದರೆ ಸಾಕ್ಷಿ ಇರಬೇಕು, ದಾಖಲಾಗಬೇಕು ಅನ್ನುತ್ತದೆ ಹೆಲ್ಸಿಂಕಿ ಘೋಷಣೆ, ಅಂದರೆ ವೈದ್ಯಕೀಯ ಸಂಶೋಧನೆಗೆ ವಿಶ್ವ ವೈದ್ಯಕೀಯ ಸಂಘ ಹಾಕಿಕೊಟ್ಟ ನೀತಿ. ಹಾಗಾಗಿ ಈಗ ಲೈನಿನಲ್ಲಿ ಇನ್ನೊಬ್ಬರನ್ನೂ ಕೂರಿಸುತ್ತೇನೆ. ಮಾಹಿತಿ ಹಾಳೆ ಮೊದಲೇ ಕಳಿಸಿ. ಮೊದಲ ಕಾಲಿನಲ್ಲೇ ಒಪ್ಪಿಗೆ ಕೇಳಲೇಬೇಡಿ, ಯಾರು ಏನೇ ಹೇಳಲಿ.

ಮತ್ತೆ ಈ ಪ್ರಶ್ನೆ ಕೇಳಿ: "ಯಾರು ಫೋನ್ ಮಾಡಿದ್ದು, ಯಾಕೆ ಅಂತ ಮನೆಯವರು ಕೇಳಿದರೆ ಏನು ಹೇಳ್ತೀರಿ?" ಉತ್ತರವನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ. ಅಜ್ಜಿಗೂ ಕೇಳಿದೆ. "ಯಾರೋ ಓದೋ ಹುಡುಗ. ಸುಮ್ನೆ ಪ್ರಶ್ನೆ ಕೇಳ್ತಾನಂತೆ. ಮಾತ್ರೆ ಗೀತ್ರೆ ಏನೂ ಕೊಡಲ್ವಂತೆ" ಅಂದರು. ಸರಿಯಾಗಿಯೇ ಹೇಳಿದ್ದರು. ಆಮೇಲೆ "ಹಂಗಾದ್ರೆ ನಂಗೆ ಬೇಡಪ್ಪ" ಅಂತ ಫೋನ್ ಇಟ್ಟರು.