ಪ್ರತಿಕ್ರಿಯೆ: ಹಳ್ಳದ ಬಗ್ಗೆ ಮಕ್ಕಳಿಗೆ ಏನು ಹೇಳಿಕೊಡಬೇಕು?

ಊರ ಹಳ್ಳ ಉಳಿಸಬೇಕು, ಶಾಲೆ ಮಕ್ಕಳಿಂದ ಹೇಗೆ ಶುರು ಮಾಡಲಿ ಅಂತ ಕೇಳಿದ್ದೀರಿ. ಭಾಷಣ ಬೇಡ, ಪೋಸ್ಟರ್ ಸ್ಪರ್ಧೆಯಂತೂ ಬೇಡವೇ ಬೇಡ. ನೀವು ಚಿತ್ರದುರ್ಗದವರೇ ಅಲ್ವಾ, ಮೊದಲು ಕೋಟೆಗೆ ಕರೆದುಕೊಂಡು ಹೋಗಿ. ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ ಇಳಿಯುತ್ತದೆ, ಮೇಲೆ ಕಸ ಹಾಕಿದರೆ ಕೆಳಗಿನವರ ಪಾಡೇನು ಅನ್ನೋದು ಹೇಳದೆಯೇ ಅರ್ಥವಾಗುತ್ತದೆ. ಆಮೇಲೆ ನಿಮ್ಮ ಹಳ್ಳ. ಮಳೆಯ ಮರುದಿನ, ರಭಸ ಇಳಿದ ಮೇಲೆ, ಬಾಟಲಿಯಲ್ಲಿ ನೀರು ಹಿಡಿದು ಒಂದು ರಾತ್ರಿ ಅಲ್ಲಾಡಿಸದೆ ಇಡಿ. ತಳದಲ್ಲಿ ಕೂತಿರುವುದು ಯಾರ ಹೊಲದ ಮಣ್ಣು ಅಂತ ಕೇಳಿ. ದಡದ ಹುಲ್ಲು ಕೆರೆದ ಕಡೆ, ಬದು ಇಲ್ಲದ ಕಡೆ ಕೆಸರು ಜಾಸ್ತಿ. ದೊಡ್ಡವರಿಗೆ ಒಂದೇ ಮಾತು, ಔಷಧಿ ಹೊಡೆದ ಪಂಪು ಹಳ್ಳದಲ್ಲಿ ತೊಳೆಯಬೇಡಿ. ಅದನ್ನೂ ಮಕ್ಕಳ ಬಾಯಲ್ಲೇ ಹೇಳಿಸಿ, ನಾವು ಹೇಳಿದರೆ ಸುಮ್ನೆ ಜಗಳ.