ಹೊರಗಿನ ಫೆಲೋಶಿಪ್ ಹುಡುಕೋದು ಎಲ್ಲಿಂದ?

ಪ್ರಶ್ನೆ: ಪಿಎಚ್‌ಡಿ ಮುಗಿಯುವ ಹಂತದಲ್ಲಿದ್ದೇನೆ. ವಿಶ್ವವಿದ್ಯಾಲಯದ ಹೊರಗಿನ ಫೆಲೋಶಿಪ್, ಅನುದಾನ ಅಂತ ಹುಡುಕಿದರೆ ನೂರೆಂಟು ಹೆಸರು ಬರುತ್ತವೆ. ಯಾವುದಕ್ಕೆ ಅರ್ಜಿ ಹಾಕಲಿ?

ಉತ್ತರ: ಹೆಸರು ಬಿಡಿ, ಮೊದಲು ಅರ್ಹತೆಯ ನಿಯಮ ಓದಿ. ಪಟ್ಟಿ ಅಲ್ಲೇ ಅರ್ಧ ಉದುರುತ್ತದೆ. ಯುರೋಪಿನ ಮೇರಿ ಸ್ಕ್ಲೊಡೊವ್ಸ್ಕಾ-ಕ್ಯೂರಿ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನೆಯ) ಫೆಲೋಶಿಪ್‌ಗೆ ಯಾವ ದೇಶದವರಾದರೂ ಅರ್ಜಿ ಹಾಕಬಹುದು, ಆದರೆ ಕೊನೆಯ ದಿನಾಂಕಕ್ಕೆ ಹಿಂದಿನ 36 ತಿಂಗಳಲ್ಲಿ ನೀವು ಹೋಗಬೇಕೆಂದಿರುವ ದೇಶದಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದಿರಬಾರದು. ಇದನ್ನು ನೋಡದೆ ವಾರಗಟ್ಟಲೆ ಕೂತು ಬರೆದರೆ ಸುಮ್ನೆ ದಂಡ, ಅಲ್ವಾ?

ಇನ್ನೊಂದು ದಾರಿ ಇದೆ. ನಿಮ್ಮ ವಿಷಯದ ಸಂಶೋಧನಾ ಲೇಖನಗಳ ಕೊನೆಯಲ್ಲಿ ಕೃತಜ್ಞತೆ ಅಂತ ಒಂದು ಭಾಗ ಇರುತ್ತದಲ್ಲ, ಯಾರೂ ಓದದೆ ಬಿಡುವಂಥದ್ದು, ಅಲ್ಲಿ ಕೆಲಸಕ್ಕೆ ದುಡ್ಡು ಕೊಟ್ಟವರ ಹೆಸರು ಇರುತ್ತದೆ. ನನ್ನ ಪ್ರಕಾರ ಅದಕ್ಕಿಂತ ಒಳ್ಳೆಯ ಪಟ್ಟಿ ಇಲ್ಲ. ವಿದ್ವತ್ ಸಂಘಗಳು ಕೊಡುವ ಸಣ್ಣ ಪ್ರಯಾಣ ಅನುದಾನಗಳನ್ನೂ ಬಿಡಬೇಡಿ.

ಶಿಫಾರಸು ಪತ್ರ ಬರೆಯುವವರಿಗೆ ಒಂದು ತಿಂಗಳು ಮುಂಚೆಯೇ ಹೇಳಿ. ಅರ್ಜಿಯ ಬಜೆಟ್‌ಗೆ ವಿಶ್ವವಿದ್ಯಾಲಯದ ಸಹಿ ಬೇಕಿದ್ದರೆ ಅವರ ಗಡುವು ಇನ್ನೂ ಮೊದಲೇ ಇರಬಹುದು, ಇವತ್ತೇ ಕೇಳಿಬಿಡಿ.